ಸೀಳಿದ ಬಂಡೆ, ಮುರಿದ ಸಂಬಂಧ



ಸೌದಿ ಅರೇಬಿಯಾದ ವಾಯವ್ಯದಲ್ಲಿ, ತಬೂಕ್ ಪ್ರಾಂತದ ತೈಮಾ ಎಂಬ ಓಯಸಿಸ್‌ನ ಸಮೀಪ, ಮರುಭೂಮಿಯಲ್ಲಿ ಒಂದು ಬೃಹತ್ ಮರಳುಗಲ್ಲಿನ ಬಂಡೆಯಿದೆ. ಅದರ ಹೆಸರು ಅಲ್ ನಸ್ಲಾ. ಸುಮಾರು 6 ಮೀಟರ್ ಎತ್ತರ, 9 ಮೀಟರ್ ಅಗಲದ ಈ ಬಂಡೆಯು ಮೇಲಿನಿಂದ ಕೆಳಗಿನವರೆಗೂ ನೇರವಾಗಿ ಎರಡು ಹೋಳಾಗಿದೆ. ಎರಡು ಹೋಳುಗಳೂ ಕಿರಿದಾದ ಬುಡದ ಮೇಲೆ ನಿಂತಿವೆ. ಅದರ ಒಂದು ಮೈಯಲ್ಲಿ ಪ್ರಾಚೀನರು ಕೆತ್ತಿದ ಕುದುರೆಯ ಚಿತ್ರವೂ ಇದೆ.

ಸೀಳು ಗರಗಸದಿಂದ ಕೊಯ್ದಷ್ಟು ನೇರವಾಗಿದೆ. ಆದ್ದರಿಂದಲೇ ಅನ್ಯಗ್ರಹದವರು ಕತ್ತರಿಸಿದರೆಂಬ ಕತೆಗಳೂ ಹುಟ್ಟಿಕೊಂಡಿವೆ. ಭೂವಿಜ್ಞಾನಿಗಳು ಹೇಳುವುದು ಬೇರೆ. ನೆಲ ತುಸು ಸರಿದುದರಿಂದಲೋ ಬಂಡೆಯೊಳಗಿನ ಒತ್ತಡದಿಂದಲೋ ಮೊದಲು ಒಂದು ಸಣ್ಣ ಬಿರುಕು ಮೂಡಿರಬೇಕು. ಅದರೊಳಗೆ ನೀರು ಇಳಿದು, ಮರಳಿನ ಕಣಗಳ ಬೆಸುಗೆಯನ್ನು ಸಡಿಲಗೊಳಿಸಿರಬೇಕು. ಬಳಿಕ ಮರಳು ಹೊತ್ತ ಗಾಳಿ ಆ ಸಂದಿಯಲ್ಲಿ ನುಗ್ಗಿ ಎರಡೂ ಬದಿಗಳನ್ನು ಉಜ್ಜಿರಬೇಕು. ಇವುಗಳಲ್ಲಿ ಯಾವುದರ ಪಾಲು ಎಷ್ಟೆಂಬುದರಲ್ಲಿ ಒಮ್ಮತವಿಲ್ಲ. ಆದರೆ ಇದು ಒಂದೇ ಏಟಿನ ಕೆಲಸವಲ್ಲ, ದೀರ್ಘಕಾಲದ ಸವೆತ.

ಸಂಬಂಧಗಳ ವಿಷಯದಲ್ಲೂ ನಾವು ಒಂದೇ ಏಟನ್ನು ಹುಡುಕುತ್ತೇವೆ. ಅಣ್ಣತಮ್ಮಂದಿರು ದೂರವಾದರೆ, "ಅಂದು ಅವನಾಡಿದ ಮಾತೇ ಕಾರಣ" ಎನ್ನುತ್ತೇವೆ. ನಿಜವಾಗಿ ಬಿರುಕು ಅದಕ್ಕೂ ಮುಂಚೆಯೇ ಮೂಡಿತ್ತು. ಆಸ್ತಿ ಪಾಲಿನಲ್ಲಿ ಒಂದು ಅಸಮಾಧಾನ, ಮದುವೆಗೆ ಸರಿಯಾಗಿ ಕರೆಯಲಿಲ್ಲವೆಂಬ ನೋವು, ಉತ್ತರ ಸಿಗದ ಒಂದು ಸಲಾಮ್. ಹೇಳದೆ ಉಳಿದ ಮುನಿಸು ಆ ಬಿರುಕಿನೊಳಗೆ ನೀರಿನಂತೆ ಇಳಿಯಿತು. ಚಾಡಿ ಹೇಳುವವರು ಗಾಳಿಯ ಕೆಲಸ ಮಾಡಿದರು. ಕೊನೆಗೆ ಎರಡೂ ಬದಿ ಎಷ್ಟು ನುಣುಪಾಯಿತೆಂದರೆ, ತನ್ನ ಕಡೆ ಒಂದು ದೋಷವೂ ಇಲ್ಲವೆಂದು ಇಬ್ಬರಿಗೂ ಅನಿಸತೊಡಗಿತು!

ಸಹೋದರನೊಂದಿಗೆ ಮೂರು ದಿನಗಳಿಗಿಂತ ಹೆಚ್ಚು ಮಾತು ಬಿಟ್ಟಿರುವುದು ಸಮ್ಮತವಲ್ಲವೆಂದೂ, ಇಬ್ಬರಲ್ಲಿ ಮೊದಲು ಸಲಾಮ್ ಹೇಳುವವನೇ ಉತ್ತಮನೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮೂರು ದಿನಗಳಲ್ಲಿ ಬಿರುಕು ಇನ್ನೂ ಬಿರುಕಾಗಿಯೇ ಇರುತ್ತದೆ, ಕಂದಕವಾಗಿರುವುದಿಲ್ಲ. ಈ ಬೋಧನೆಯ ಹಿಂದಿರುವ ಕರುಣೆಯನ್ನು ಗಮನಿಸಿರಿ.

ತೈಮಾದ ಆ ಎರಡು ಹೋಳುಗಳು ಎದುರುಬದುರಾಗಿ ನಿಂತಿದ್ದರೂ ಒಂದರ ಕಡೆಗೆ ಇನ್ನೊಂದು ಹೆಜ್ಜೆಯಿಡಲಾರದು. ಅವು ಕಲ್ಲುಗಳು. ನಮಗಾದರೋ ಅಲ್ಲಾಹನು ಕಾಲನ್ನೂ ನಾಲಗೆಯನ್ನೂ ಕೊಟ್ಟಿದ್ದಾನೆ. ನೀವು ಮಾತು ಬಿಟ್ಟವರು ಯಾರಾದರೂ ಇದ್ದರೆ, ತಪ್ಪು ಯಾರದೆಂಬ ಲೆಕ್ಕವನ್ನು ಬದಿಗಿಟ್ಟು ಇಂದೇ ಅವರ ಬಾಗಿಲಿಗೆ ಹೋಗಿರಿ. ಮೊದಲ ಸಲಾಮ್ ನಿಮ್ಮದಾಗಲಿ.