ತೂಗುಮಾದರಿಯೂ ಸತ್ಯವೂ

ಉಪಾಧ್ಯಾಯನು ತಾನು ತೋರಿಸುವ ವಸ್ತುವು ಪೂರ್ಣವಾಗಿ ನಿಜವಲ್ಲವೆಂದು ಬಲ್ಲವನಾಗಿದ್ದು ಅದನ್ನು ಮಕ್ಕಳ ಮುಂದೆ ಇಡಬಹುದೋ? ಇಟ್ಟರೆ ಸುಳ್ಳನ್ನು ಕಲಿಸಿದಂತಾಗುವದೋ? ಬಿದಿರು, ಕಾಗದ, ದಾರಗಳನ್ನು ಹಿಡಿದು ಕೂತಿದ್ದಾಗ ಈ ಪ್ರಶ್ನೆಯು ನಮಗೆ ಎದುರಾಯಿತು.

ಕಳೆದ ರಜೆಯಲ್ಲಿ ನಾವು ಊರಿನ ಮಕ್ಕಳನ್ನು ಕೂಡಿಸಿ ಸೂರ್ಯಮಂಡಲದ ಮಾದರಿಯೊಂದನ್ನು ಮಾಡಿಸಿದೆವು. ಬಿದಿರಿನ ಸೀಳನ್ನು ಬಗ್ಗಿಸಿ ಬಳೆಯಂತೆ ಕಟ್ಟಿ, ಅದಕ್ಕೆ ಅಡ್ಡಲಾಗಿ ಎರಡು ಕಡ್ಡಿಗಳನ್ನು ಬಿಗಿದೆವು. ಹಳೇ ಕಾಗದವನ್ನು ನೆನೆಯಿಸಿ, ಮೈದಾ ಅಂಟಿನೊಡನೆ ಕಲಸಿ, ಉಂಡೆಗಳನ್ನು ಕಟ್ಟಿ ಬಿಸಿಲಲ್ಲಿ ಒಣಗಿಸಿದೆವು. ಮಂಗಳನಿಗೆ ಕೆಮ್ಮಣ್ಣು, ಭೂಮಿಗೆ ನೀಲಿ, ಶನಿಗೆ ರಟ್ಟಿನ ಬಳೆ. ಎಲ್ಲವನ್ನೂ ದಾರದಿಂದ ತೂಗಹಾಕಿದಾಗ ಮಾದರಿಯು ಒಂದು ಕಡೆಗೆ ವಾಲಿತು. ಆಗ ಗುರುಗ್ರಹವನ್ನು ಒಳಕ್ಕೆ ಸರಿಸಿ ಸಮಮಾಡಿದೆವು. ತಂದೆತಾಯಿಗಳು ಬಂದು ನೋಡಿ ಮೆಚ್ಚಿದರು. ಅಷ್ಟರಲ್ಲಿ ಒಬ್ಬ ಹುಡುಗಿಯು, "ಮಾಸ್ತರರೇ, ಗ್ರಹಗಳು ಆಕಾಶದಲ್ಲಿಯೂ ಹೀಗೆಯೇ ಹತ್ತಿರ ಹತ್ತಿರ ಇರುವವೋ?" ಎಂದು ಕೇಳಿದಳು. ಹೊಗಳಿಕೆಯ ಸಂತೋಷದಲ್ಲಿದ್ದ ನಾವು, "ಹೌದಮ್ಮಾ, ಹೀಗೆಯೇ" ಎಂದೆವು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ.

ನಿಜಸ್ಥಿತಿ ಹೇಗಿದೆಯೆಂದು ವಾಚಕರು ಎಣಿಸಿ ನೋಡಲಿ. ಭೂಮಿಯನ್ನು ಒಂದೂವರೆ ಮಿಲಿಮೀಟರಿನ ರಾಗಿಕಾಳೆಂದು ಇಟ್ಟುಕೊಳ್ಳೋಣ. ಸೂರ್ಯನ ಅಡ್ಡಗಲವು ಭೂಮಿಯದಕ್ಕಿಂತ ೧೦೯ ಪಾಲು ದೊಡ್ಡದಾದ್ದರಿಂದ ಅದು ೧೬ ಸೆಂಟಿಮೀಟರಿನ ಚೆಂಡಾಗುವದು. ಗುರುವು ಅಂಟುವಾಳದ ಕಾಯಿಯಷ್ಟಾಗುವದು. ಚಂದ್ರನು ಆ ಕಾಳಿನಿಂದ ನಾಲ್ಕೂವರೆ ಸೆಂಟಿಮೀಟರ್ ದೂರದಲ್ಲಿರುವನು. ಆದರೆ ಸೂರ್ಯನಿಂದ ರಾಗಿಕಾಳನ್ನು ಸುಮಾರು ೧೮ ಮೀಟರ್ ದೂರದಲ್ಲಿಯೂ, ಗುರುವನ್ನು ೯೦ ಮೀಟರಿಗೆ ಆಚೆಯೂ, ನೆಪ್ಚೂನನ್ನು ಅರ್ಧ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿಯೂ ಇಡಬೇಕು. ಹೀಗಿರಲಾಗಿ ಒಂದು ಸೂರಿನ ಕೆಳಗೆ ತೂಗುವ ಮಾದರಿಯು ಗಾತ್ರವನ್ನೂ ದೂರವನ್ನೂ ಒಂದೇ ಅಳತೆಯಲ್ಲಿ ತೋರಿಸಲಾರದು.

ಹಾಗಾದರೆ ಅಂಥ ಮಾದರಿಗಳೆಲ್ಲ ವ್ಯರ್ಥವೋ? ೧೭೭೪ನೇ ಇಸವಿ ಮೇ ೮ರಲ್ಲಿ ಚಂದ್ರನೂ ನಾಲ್ಕು ಗ್ರಹಗಳೂ ಆಕಾಶದಲ್ಲಿ ಒತ್ತಟ್ಟಿಗೆ ಕಾಣಿಸಿಕೊಳ್ಳುವಾಗ ಭೂಮಿಯು ದಾರಿ ತಪ್ಪಿ ನಾಶವಾದೀತೆಂದು ನೆದರ್ಲೆಂಡ್ಸ್ ದೇಶದ ಫ್ರೀಸ್‌ಲೆಂಡ್ ಸೀಮೆಯಲ್ಲಿ ಜನರು ಭಯಪಟ್ಟರು. ಆ ಭಯವನ್ನು ಹರಡಿದ ಪುಸ್ತಿಕೆಯನ್ನು ಬರೆದವನು ಒಬ್ಬ ಸಭಾಬೋಧಕನೇ. ಫ್ರಾನೆಕರ್ ಎಂಬ ಪಟ್ಟಣದಲ್ಲಿ ಉಣ್ಣೆ ಬಾಚಿ ಜೀವಿಸುತ್ತಿದ್ದ ಐಸೆ ಐಸಿಂಗನು ತನ್ನ ಮನೆಯ ಅಟ್ಟದಲ್ಲಿ ಮರದ ಚಕ್ರಗಳನ್ನು ಹೂಡಿ, ಮೊಳೆಗಳನ್ನೇ ಅವುಗಳ ಹಲ್ಲುಗಳಾಗಿ ಮಾಡಿ, ಕೋಣೆಯ ಮಾಳಿಗೆಯಿಂದ ಗ್ರಹಗಳನ್ನು ತೂಗಹಾಕಿದನು. ೧೭೮೧ರಲ್ಲಿ ಮುಗಿದ ಆ ಕೆಲಸವು ಇಂದಿಗೂ ನಡೆಯುತ್ತಿದೆ. ೨೦೨೩ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ದೂರಕ್ಕೆ ಅವನು ಹತ್ತು ಲಕ್ಷ ಕಿಲೋಮೀಟರಿಗೆ ಒಂದು ಮಿಲಿಮೀಟರ್ ಎಂಬ ಅಳತೆಯನ್ನು ಹಿಡಿದನು. ಆ ಅಳತೆಯಲ್ಲಿ ಭೂಮಿಯು ಧೂಳಿನ ಕಣಕ್ಕಿಂತಲೂ ಸಣ್ಣದಾಗುವದು. ಆದುದರಿಂದ ಗೋಲಗಳನ್ನು ದೊಡ್ಡದಾಗಿಯೇ ಮಾಡಬೇಕಾಯಿತು. ಅದೇ ೧೭೮೧ರಲ್ಲಿ ಕಂಡುಹಿಡಿಯಲ್ಪಟ್ಟ ಯುರೇನಸ್ಸಿಗೆ ಅಲ್ಲಿ ಸ್ಥಳವಿಲ್ಲ. ಆದರೂ ಗ್ರಹಗಳು ಒಂದನ್ನೊಂದು ತಾಗದೆ ತಮ್ಮ ತಮ್ಮ ದಾರಿಯಲ್ಲಿ ಸುತ್ತುವವೆಂಬದನ್ನು ಆ ಮಾಳಿಗೆಯು ಕಣ್ಣಿಗೆ ಕಾಣುವಂತೆ ತೋರಿಸಿತು.

ಕೊರತೆಯಿರುವದೇ ಸುಳ್ಳಲ್ಲವೆಂದು ಇದರಿಂದ ತಿಳಿಯುವದು. ನಮ್ಮ ಜಮೀನಿನ ನಕ್ಷೆಯಲ್ಲಿ ಹೊಲವು ಅಂಗೈಯಷ್ಟೂ ಇಲ್ಲ. ಆದರೂ ಯಾರೂ ಮೋಸಹೋಗುವದಿಲ್ಲ, ಯಾಕಂದರೆ ಅಳತೆಯು ಅದರ ಮೂಲೆಯಲ್ಲಿಯೇ ಬರೆದಿದೆ. ಚಿಕ್ಕವರಿಗೆ ಇಷ್ಟು ಸಾಕು, ದೊಡ್ಡವರಾದ ಮೇಲೆ ತಾವೇ ತಿದ್ದಿಕೊಳ್ಳುವರೆಂದು ಕೆಲವರು ಹೇಳಬಹುದು. ಕೇಳದವರಿಗೆ ಎಲ್ಲವನ್ನೂ ಹೇಳದಿರುವದು ಬೇರೆ. ಕೇಳಿದವರಿಗೆ ಇಲ್ಲದ್ದನ್ನು ಹೇಳುವದು ಬೇರೆ. ನಮ್ಮ ಕಾಗದದ ಉಂಡೆಗಳು ಸುಳ್ಳಾಡಲಿಲ್ಲ. ನಮ್ಮ ಬಾಯಿ ಸುಳ್ಳಾಡಿತು. ಅದೂ ಮಕ್ಕಳ ಹಿತಕ್ಕಾಗಿ ಅಲ್ಲ, ನಮ್ಮ ಮಾನಕ್ಕಾಗಿ.

ಮುಂದಿನ ಶನಿವಾರ ನಾವು ಮಕ್ಕಳನ್ನು ಪುನಃ ಕರೆದು, "ಅಂದು ನಾವು ಹೇಳಿದ್ದು ತಪ್ಪು" ಎಂದು ಒಪ್ಪಿಕೊಂಡೆವು. ಹೇಳುವ ಮುಂಚೆ ನಮ್ಮ ನಾಲಿಗೆ ಒಣಗಿತ್ತೆಂಬದನ್ನು ಮರೆಮಾಡುವದಿಲ್ಲ. ಚೆಂಡನ್ನು ಶಾಲೆಯ ಬಾಗಿಲಲ್ಲಿಟ್ಟು, ರಾಗಿಕಾಳನ್ನು ಆ ಹುಡುಗಿಯ ಕೈಗೆ ಕೊಟ್ಟು, ಹೆಜ್ಜೆಗಳನ್ನು ಎಣಿಸುತ್ತಾ ರಸ್ತೆಯಲ್ಲಿ ನಡೆದೆವು. ನೆಪ್ಚೂನಿನ ಸ್ಥಳವನ್ನು ಮುಟ್ಟಿ ಹಿಂದಿರುಗಿ ನೋಡಿದಾಗ ಚೆಂಡು ಕಣ್ಣಿಗೆ ಕಂಡೂ ಕಾಣದಂತಿತ್ತು. ಮಕ್ಕಳು ಬಹಳ ಹೊತ್ತು ಮಾತಾಡಲಿಲ್ಲ. ಆ ಮೇಲೆ ಹುಡುಗಿಯು, "ಹಾಗಾದರೆ ಗುರುವನ್ನು ಯಾಕೆ ಒಳಗೆ ಸರಿಸಿದಿರಿ?" ಎಂದಳು. "ಮಾದರಿಯು ವಾಲದಿರಲೆಂದು" ಎಂದೆವು. ಈ ಸಾರಿ ಉತ್ತರವು ನಿಜವಾಗಿತ್ತು.

೧೯೩೦ರಲ್ಲಿ ಕಂಡುಹಿಡಿಯಲ್ಪಟ್ಟು ಒಂಬತ್ತನೆಯ ಗ್ರಹವೆನಿಸಿದ್ದ ಪ್ಲೂಟೋವನ್ನು ವಿದ್ವಾಂಸರು ೨೦೦೬ರಲ್ಲಿ ಕುಬ್ಜಗ್ರಹವೆಂದು ಬೇರೆ ಮಾಡಿದರು. ತಿಳಿದವರೇ ತಿದ್ದಿಕೊಳ್ಳುವಾಗ ಹಳ್ಳಿಯ ಉಪಾಧ್ಯಾಯನು ತಿದ್ದಿಕೊಳ್ಳುವದಕ್ಕೆ ನಾಚತಕ್ಕದ್ದೇನು? ಮಕ್ಕಳಿಗೆ ಕಲಿಸುವ ತಂದೆತಾಯಿಗಳೇ, ಉಪಾಧ್ಯಾಯರೇ, ಮಾದರಿಗಳನ್ನು ಧಾರಾಳವಾಗಿ ಮಾಡಿಸಿರಿ. ಆದರೆ ಅದು ತೋರಿಸಲಾರದ್ದು ಏನೆಂಬದನ್ನೂ ಅದೇ ದಿವಸದಲ್ಲಿ ಹೇಳಿರಿ. ನಮ್ಮ ಮಾದರಿಯು ಈಗಲೂ ಶಾಲೆಯ ತೊಲೆಯಲ್ಲಿ ತೂಗುತ್ತಿದೆ. ಅದರ ಬಿದಿರಿನ ಬಳೆಗೆ ಆ ಹುಡುಗಿಯು ಒಂದು ಚೀಟಿಯನ್ನು ಕಟ್ಟಿದ್ದಾಳೆ: "ಬಣ್ಣ ಸರಿ. ಸಾಲು ಸರಿ. ದೂರ ಸರಿಯಲ್ಲ."