ಹಗ್ಗದ ಕುಣಿಕೆ, ಅಕ್ಷರದ ಕುಣಿಕೆ

ಕಡೂರು, ತರೀಕೆರೆ ಕಡೆಯ ಕೊಟ್ಟಿಗೆಗಳಲ್ಲಿ ಎತ್ತು ಕಟ್ಟುವ ಹಗ್ಗ ತೆಂಗಿನ ನಾರಿನದಿರಬಹುದು, ಕತ್ತಾಳೆಯದಿರಬಹುದು, ಈಚೆಗೆ ನೈಲಾನಿನದೂ ಇರಬಹುದು. ಕುಣಿಕೆ ಮಾತ್ರ ಅದೇ. ಕಾಲುಬಾಯಿ ಜ್ವರದ ವೈರಸ್ಸಿನ ಬಗ್ಗೆ ಓದುವಾಗಲೆಲ್ಲ ನನಗೆ ಆ ಕುಣಿಕೆ ನೆನಪಾಗುತ್ತದೆ.

ಆ ವೈರಸ್ಸಿನ ಇಡೀ ಬಂಡವಾಳ ಸುಮಾರು 8,400 ಅಕ್ಷರಗಳ ಒಂದೇ ಎಳೆ ಆರ್‌ಎನ್‌ಎ. ಅಕ್ಷರ ನಾಲ್ಕೇ ಬಗೆ. ಎಳೆ ನೇರವಾಗಿ ಚಾಚಿಕೊಂಡಿರುವುದಿಲ್ಲ. ತನ್ನ ಮೇಲೆ ತಾನೇ ಮಡಚಿಕೊಂಡು, ಅಕ್ಷರಕ್ಕೆ ಅಕ್ಷರ ಜೋಡಿಯಾಗಿ, ಅಲ್ಲಲ್ಲಿ ಕುಣಿಕೆ ಬಿಡುತ್ತದೆ. ಮೊದಲ 360ರಷ್ಟು ಅಕ್ಷರ ಸೇರಿ ಒಂದೇ ಉದ್ದನೆಯ ಮಡಿಕೆ. ಮುಂದೆ, ನಕಲು ತೆಗೆಯುವ ಕೆಲಸಕ್ಕೆ ಚಾಲನೆ ಕೊಡುವ ಪುಟ್ಟ ಕುಣಿಕೆ. ಆಮೇಲೆ ಸುಮಾರು 450 ಅಕ್ಷರಗಳ, ಐದು ಕವಲಿನ ರಚನೆ. ನನ್ನನ್ನು ತಡೆದು ನಿಲ್ಲಿಸುವುದು ಇದೇ.

ಜೀವಕೋಶದಲ್ಲಿ ಪ್ರೋಟೀನು ಹೆಣೆಯುವ ರೈಬೋಸೋಮು ಸಾಮಾನ್ಯವಾಗಿ ಎಳೆಯ ತಲೆ ಹಿಡಿದೇ ಓದತೊಡಗುತ್ತದೆ. ಈ ಕವಲುಗಳು ಅದನ್ನು ನೇರ ನಡುವಿಗೇ ಬರಮಾಡಿಕೊಳ್ಳುತ್ತವೆ. ಹಾಗೆ ಹುಟ್ಟಿದ ವೈರಸ್ಸಿನ ಪ್ರೋಟೀನೊಂದು, ತಲೆ ಹಿಡಿಯಲು ಬೇಕಾದ ಕೊಂಡಿಯನ್ನೇ ಕತ್ತರಿಸಿಹಾಕುತ್ತದೆ. ಎತ್ತಿನ ಜೀವಕೋಶದ ಸ್ವಂತ ಕೆಲಸ ಕುಂಟುತ್ತದೆ, ವೈರಸ್ಸಿನದು ನಡೆಯುತ್ತದೆ. ನಡುವಿನ ದೊಡ್ಡ ಕವಲಿನ ತುದಿಯಲ್ಲಿ ನಾಲ್ಕಕ್ಷರದ ಕುಣಿಕೆಯೊಂದಿದೆ. ಅದರ ಕೊನೆಯಕ್ಷರ ಬದಲಿಸಿ ನೋಡಿದಾಗ ಇಡೀ ರಚನೆ ಹೆಚ್ಚುಕಡಿಮೆ ಕೈಚೆಲ್ಲಿತು. ಉಳಿದ ಕಡೆ ಅಕ್ಷರ ಬದಲಾಗುತ್ತಲೇ ಇರುತ್ತದೆ; ಆದರೆ ಒಂದು ಮಗ್ಗುಲು ಬದಲಾದಲ್ಲಿ ಎದುರು ಮಗ್ಗುಲೂ ಜೋಡಿಗೆ ತಕ್ಕಂತೆ ಬದಲಾಗಿರುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ನಾರು ಬೇರೆಯಾಯಿತು, ಕುಣಿಕೆ ಉಳಿಯಿತು. ಯಾರು ಕಲಿಸಿದರು ಇದನ್ನು?

ಈ ಬೆರಗನ್ನು ಹೊತ್ತುಕೊಂಡು ಕೊಟ್ಟಿಗೆಗೆ ಹೋದರೆ ಎದೆ ಭಾರವಾಗುತ್ತದೆ. ಜೊಲ್ಲು ಸುರಿಯುತ್ತಿದೆ, ನಾಲಿಗೆಯ ಸಿಪ್ಪೆ ಎದ್ದಿದೆ. ಗೊರಸಿನ ಸಂದಿನ ಹುಣ್ಣು ತಾಳಲಾರದೆ ಒಂದು ಕಾಲೆತ್ತಿ ನಿಂತ ಎತ್ತು, ಮುಂದಿಟ್ಟ ಹುಲ್ಲನ್ನು ಮೂಸಿ ಬಿಟ್ಟುಬಿಡುತ್ತದೆ. ಇದೇ ಸೀಮೆಯ ಅಜ್ಜಂಪುರವೆಂದರೆ ಅಮೃತಮಹಲ್ ತಳಿಯನ್ನು ಉಳಿಸಿಕೊಂಡು ಬಂದ ಊರು. ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ಆ ರಾಸುಗಳನ್ನು ಹಾಗೆ ನೆನೆಯುವುದೂ ಕಷ್ಟ.

ಲಸಿಕೆ ಹಸುವಿನ ಮೈಗೆ ಕಲಿಸುವುದು ಈ ಕುಣಿಕೆಗಳ ಗುರುತನ್ನಲ್ಲ, ವೈರಸ್ಸಿನ ಹೊರಕವಚದ ಗುರುತನ್ನು. ಕವಚ ಬೇಗ ಬದಲಾಗುತ್ತದೆ. ಅದಕ್ಕೇ ನಮ್ಮಲ್ಲಿ ಓ, ಎ, ಏಷ್ಯಾ-1 ಮೂರು ಬಗೆಗಳನ್ನೂ ಸೇರಿಸಿ ಕೊಡುತ್ತಾರೆ. ಮೈ ಆ ಗುರುತನ್ನು ಬಹುಕಾಲ ನೆನಪಿಡುವುದೂ ಇಲ್ಲ. ಹಾಗಾಗಿ ಇದೇ ಸೀಮೆಯ ಅಂತರಘಟ್ಟೆ ಜಾತ್ರೆಗೆ ಗಾಡಿ ಕಟ್ಟುವವರು ಆ ದಿನಕ್ಕೆ ಎಷ್ಟೋ ಮೊದಲೇ ಲಸಿಕೆ ಹಾಕಿಸಿರಿ. ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿರಿ, ನಾಲ್ಕು ತಿಂಗಳು ತುಂಬಿದ ಕರುವನ್ನೂ ಬಿಡಬೇಡಿರಿ.