ಹಾಡಿದ್ದೇ ಹಾಡುವವರ ಪರವಾಗಿ

‘ಹಾಡಿದ್ದೇ ಹಾಡೋ ಕಿಸಬಾಯಿ ದಾಸ’ ಎಂಬ ಗಾದೆ ನಮ್ಮ ಮನೆಗಳಲ್ಲಿ ಹೆಚ್ಚಾಗಿ ಬೀಳುವುದು ವಯಸ್ಸಾದವರ ಮೇಲೆ. ತಾತ ಬಾಯಿ ತೆರೆದರೆ ಸಾಕು, ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಎದ್ದು ಹೋಗುತ್ತಾರೆ. ಗಾದೆ ದಾಸನ ಹಾಡನ್ನು ಅಣಕಿಸುತ್ತದೆ, ಅವನ ಬಾಯನ್ನೂ ಬಿಡುವುದಿಲ್ಲ. ಆದರೆ ದಾಸ ಮನೆಮನೆಗೆ ಹೋಗುವವನು. ಹತ್ತನೇ ಬಾಗಿಲಿನವರಿಗೆ ಅವನ ಹಾಡು ಹೊಸದೇ. ಅದೇ ಹಾಡು ಎಂದು ದೂರುವವನು ಬೆಳಗಿನಿಂದ ಅವನ ಬೆನ್ನು ಹಿಡಿದು ಬಂದವನೇ ಇರಬೇಕು. ಮನೆಯವರಾದ ನಾವು ಅಂಥವರು. ಹಿರಿಯರ ಜೊತೆಗೇ ಬದುಕಿದ್ದರಿಂದ ನಮಗೆ ಬೇಸರ ಬಂದಿದೆ.

ಬಂಗಾರಪೇಟೆಯವನಾದ ನನಗೆ ಈ ಗಾದೆ ನೆನಪಾಗುವುದು ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಹಿರಿಯರ ಮಾತು ಕೇಳುವಾಗ. ಮಾರಿಕುಪ್ಪಂ ರೈಲಿನಲ್ಲಾಗಲಿ, ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಾಗಲಿ, ಗಣಿಯಲ್ಲಿ ದುಡಿದವರ ಪಕ್ಕ ಕೂತರೆ ಎರಡು ಮಾತು ಬಂದೇ ಬರುತ್ತವೆ. ಒಂದು, ‘ಬೆಂಗಳೂರಿಗಿಂತ ಮುಂಚೆ ನಮಗೆ ಕರೆಂಟು ಬಂತು.’ ನಿಜವೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಇಲ್ಲಿಗೆ ಬಂತು, ಬೆಂಗಳೂರಿನ ಬೀದಿದೀಪ ಬೆಳಗಿದ್ದು 1905ರಲ್ಲಿ. ಇದನ್ನು ಪುಸ್ತಕವೂ ಹೇಳುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, 1956ರಲ್ಲಿ ಗಣಿ ಸರ್ಕಾರದ ಕೈಗೆ ಹೋದದ್ದು, 2001ರ ಫೆಬ್ರವರಿ 28ರಂದು ಮುಚ್ಚಿದ್ದು, ಅಷ್ಟರಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂದದ್ದು, ಎಲ್ಲಕ್ಕೂ ಲೆಕ್ಕವಿದೆ.

ಎರಡನೆಯ ಮಾತು ಏರ್ ಬ್ಲಾಸ್ಟಿನದು. ಪುಸ್ತಕದಲ್ಲಿ ಇದು ಅರ್ಧ ಮಾತ್ರ ಇದೆ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ. ಒಂದೇ ಇಳಿತಕ್ಕೆ ತಳ ಸಿಗುತ್ತಿರಲಿಲ್ಲ. ಆಳುಗಳನ್ನು ಇಳಿಸುವ ಕೇಜಿನಿಂದ ನಡುವೆ ಇಳಿದು ಇನ್ನೊಂದು ಶಾಫ್ಟ್ ಹಿಡಿಯಬೇಕಿತ್ತು. ಅಷ್ಟು ಆಳದಲ್ಲಿ ಮೇಲಿನ ನೆಲದ ಭಾರವೆಲ್ಲ ಬಂಡೆಯ ಮೇಲೆ ಕೂತಿರುತ್ತದೆ. ಅದಿರು ತೆಗೆದು ಪೊಳ್ಳು ಮಾಡಿದ ಜಾಗದ ಪಕ್ಕದ ಕಲ್ಲು ಆ ಒತ್ತಡ ತಾಳದೆ ಒಮ್ಮೆಗೇ ಸಿಡಿಯುತ್ತದೆ. ಏರ್ ಬ್ಲಾಸ್ಟ್ ಎನ್ನುವುದು ಇದನ್ನೇ. ಯಾವಾಗ, ಯಾವ ಲೆವೆಲ್ಲಿನಲ್ಲಿ ಎಂದು ಮೊದಲೇ ಹೇಳಲು ಆಗುತ್ತಿರಲಿಲ್ಲ. ಹೇಳುವ ತಾತ ಈ ಜಾಗಕ್ಕೆ ಬಂದಾಗ ಎರಡೂ ಅಂಗೈ ಜೋಡಿಸಿ, ಫಟ್ಟನೆ ಬಿಡಿಸಿ ತೋರಿಸುತ್ತಾರೆ.

ನೂರು ಸಲ ಹೇಳಿದ ಕಥೆ ನಯವಾಗುತ್ತದೆ ಎಂಬುದನ್ನು ಒಪ್ಪಬೇಕು. ಹೆದರಿದ್ದು ಸವೆದು ಧೈರ್ಯ ಮಾತ್ರ ಉಳಿಯುತ್ತದೆ. ಗಾದೆಗೆ ಅಷ್ಟರ ಮಟ್ಟಿಗೆ ಬೆಲೆ ಕೊಡೋಣ. ಆದರೆ ಪಕ್ಕದಲ್ಲಿ ಅಜ್ಜಿ ಕೂತಿದ್ದರೆ ಕಥೆ ಅಷ್ಟು ಸುಲಭವಾಗಿ ನಯವಾಗುವುದಿಲ್ಲ. ಅವರ ಕಥೆ ಗಣಿ ಕಾರ್ಮಿಕರ ಲೈನ್ ಮನೆಯ ಅಡುಗೆಮನೆಯಲ್ಲಿ ಶುರುವಾಗುತ್ತದೆ. ಗೂಡಿನಲ್ಲಿಟ್ಟ ಲೋಟಗಳು ಗಲಗಲ ಎಂದವು, ನೆಲ ಅದುರಿತು, ಒಲೆ ಆರಿಸಿ ಹೆಂಗಸರೆಲ್ಲ ಶಾಫ್ಟಿನ ಕಡೆ ಓಡಿದರು. ಯಾವ ಶಿಫ್ಟಿಗೆ ಯಾರ ಗಂಡ, ಯಾರ ಮಗ ಇಳಿದಿದ್ದಾನೆ ಎಂಬುದು ಪ್ರತಿ ಮನೆಗೂ ಗೊತ್ತು. ಕೇಜು ಮೇಲೆ ಬಂದಾಗಲೆಲ್ಲ ಮುಖ ಹುಡುಕುವುದು. ‘ನೀವು ಬಂದಾಗ ಒಂದು ಮಾತೂ ಆಡಲಿಲ್ಲ, ನಡುಗುತ್ತಿದ್ದಿರಿ’ ಎಂದು ಅಜ್ಜಿ ನೆನಪಿಸಿದರೆ ತಾತ ಇಲ್ಲ ಎನ್ನುವುದಿಲ್ಲ. ಹಾಡಿದ್ದೇ ಹಾಡಿದ್ದರಿಂದಲೇ ಈ ಸಾಲು ಹೊರಬಿತ್ತು. ಒಂದೇ ಸಲ ಹೇಳಿ ಮುಗಿಸಿದ್ದರೆ ಅಜ್ಜಿಗೆ ಬಾಯಿ ಹಾಕಲು ಎಡೆಯೇ ಸಿಗುತ್ತಿರಲಿಲ್ಲ.

ಹೇಳುತ್ತಾ ಹೇಳುತ್ತಾ ಹಲವರು ನಡುವೆ ನಿಲ್ಲಿಸುತ್ತಾರೆ. ಮರೆತಿದ್ದಲ್ಲ, ಉಸಿರು ಸಾಲದು. ಕಲ್ಲಿನ ಧೂಳು ಎದೆಯಲ್ಲಿ ಕೂತರೆ ಗಣಿ ಮುಚ್ಚಿದ ಮೇಲೂ ಬಿಡುವುದಿಲ್ಲ. ಸಿಲಿಕೋಸಿಸ್ ಎಂಬ ಹೆಸರು ಇಲ್ಲಿ ಓದು ಬಾರದವರ ಬಾಯಲ್ಲೂ ಇದೆ. ಅಷ್ಟು ಕಷ್ಟಪಟ್ಟು ಉಸಿರು ಕೂಡಿಸಿಕೊಂಡು ಅದೇ ಕಥೆಯನ್ನು ಮತ್ತೆ ಹೇಳುವವರನ್ನು ಕಿಸಬಾಯಿ ದಾಸ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಗಮನವಿಟ್ಟು ಕೇಳಿದರೆ ಆ ಕಥೆಯಲ್ಲಿ ಹೇಳುವವರ ಪಾಲು ಕಡಿಮೆ. ಇದೇ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ಯೂ ಹೀಗೆಯೇ. ಎಂಟು ಸಂಪುಟಗಳ ನೆನಪಿನಲ್ಲಿ ದಿವಾನರಿದ್ದಾರೆ, ವೈದಿಕರಿದ್ದಾರೆ, ಕಲಾವಿದರಿದ್ದಾರೆ; ಬರೆದವರು ಪಕ್ಕಕ್ಕೆ ಸರಿದು ನಿಂತಿದ್ದಾರೆ. ಗಣಿಯ ತಾತನ ನೆನಪಿಗೆ ಸಂಪುಟಗಳಿಲ್ಲ. ತನ್ನ ಬುತ್ತಿಯ ಅರ್ಧ ತೆಗೆದಿಡುತ್ತಿದ್ದವನು, ಇಳಿಯುವ ಮುಂಚೆ ಶಾಫ್ಟಿಗೆ ಕೈ ಮುಗಿಯುತ್ತಿದ್ದವನು, ಮದುವೆಗೆ ವಾರವಿದ್ದಾಗ ಕೆಳಗೇ ಉಳಿದವನು, ಇವರೆಲ್ಲ ಇರುವುದು ಅವರ ನಾಲಿಗೆಯ ಮೇಲೆ. ಗಣಿಯೊಳಗೆ ನೀರು ತುಂಬಿದೆ. ಹೋಗಿ ನೋಡಿ ಬರುತ್ತೇನೆ ಎಂದರೂ ಆಗದು.

1956ಕ್ಕೆ ಮುಂಚೆ ಗಣಿಗೆ ಇಳಿದವರಿಗೆ ಈಗ ಎಂಬತ್ತೈದು ದಾಟಿದೆ. ನಿಮ್ಮ ಮನೆಯಲ್ಲೋ ಪಕ್ಕದ ಲೈನಿನಲ್ಲೋ ಅಂಥವರಿದ್ದರೆ ‘ಮತ್ತೆ ಅದೇ ಕಥೆನಾ’ ಎನ್ನಬೇಡಿ. ‘ಅವತ್ತು ಕೇಜಿನಲ್ಲಿ ನಿಮ್ಮ ಪಕ್ಕ ಯಾರಿದ್ದರು ತಾತ?’ ಎಂದು ಕೇಳಿ. ಅಜ್ಜಿಯನ್ನೂ ಕರೆದು ಕೂರಿಸಿ. ತಮಿಳು, ತೆಲುಗು, ಕನ್ನಡ ಮೂರೂ ಬೆರೆತು ಬರುತ್ತದೆ. ಮೊಬೈಲಿನಲ್ಲಿ ಹಾಗೇ ಹಿಡಿದಿಡಿ, ತಿದ್ದಲು ಹೋಗಬೇಡಿ. ಹೆಸರು ನೆನಪಾಗದಿದ್ದರೆ ಅಡ್ಡಹೆಸರು ಕೇಳಿ, ಯಾವ ಲೈನಿನವನು, ಯಾವ ಊರಿನಿಂದ ಬಂದವನು ಎಂದು ಕೇಳಿ. ಮುಂದಿನ ವಾರ ಹೋಗಿ ಮತ್ತೆ ಅದನ್ನೇ ಕೇಳಿ.